ಕೊಟ್ಟಿಗೆಯ ಹಣೆಗೊಂದು ಕೌದಿ

ನನ್ನ ಅತ್ತಿಗೆ ಆರ್ಡಿಸ್ ಕೂತಲ್ಲೇ ನಿದ್ದೆ ಹೋಗುವುದನ್ನು ಅಯೋವಾದ ನಮ್ಮೂರಲ್ಲಿ ನೋಡದವರಿಲ್ಲ. ನಸುಕಿಗೆ ಕರುಗಳಿಗೆ ಹಾಲು ಕುಡಿಸಬೇಕು, ಆಮೇಲೆ ಶಾಲೆಯ ಬಸ್ಸು ಓಡಿಸಬೇಕು, ಮಧ್ಯಾಹ್ನ ಮತ್ತೆ ಬಸ್ಸು, ಸಂಜೆ ಮತ್ತೆ ಕರು. ಸಾಲದ್ದಕ್ಕೆ ನನ್ನ ಅಣ್ಣ ಲೈಲ್. ಅವನ ಕಣ್ಣಿನ ನಡುಭಾಗ ಸತ್ತುಹೋಗಿದೆ. ನೇರ ನೋಡಿದರೆ ಬರೀ ಬೂದು ಮಚ್ಚೆ. ಮುಖ ಪಕ್ಕಕ್ಕೆ ತಿರುಗಿಸಿದರೆ ಕಣ್ಣಂಚಿನಲ್ಲಿ ಅಷ್ಟಿಷ್ಟು ಕಾಣುತ್ತದೆ. ನನ್ನ ಜೊತೆ ಮಾತಾಡುವಾಗ ಫ್ರಿಜ್ಜಿನ ಕಡೆ ಮುಖ ಮಾಡಿಕೊಂಡು, "ನಿನ್ನ ಮೂತಿಗಿಂತ ಇದೇ ವಾಸಿ" ಅನ್ನುತ್ತಾನೆ.

ಹೋದ ಚಳಿಗಾಲ ಅವನು ಸ್ವಂತ ಅಂಗಳದಲ್ಲೇ ದಾರಿ ತಪ್ಪಿದ. ಹಿಮದಲ್ಲಿ ನಮ್ಮ ಬಿಳಿ ಕೊಟ್ಟಿಗೆ ಕಾಣದೆ ಹೊಲದ ಕಡೆ ನಡೆದುಬಿಟ್ಟಿದ್ದ. ಅಂದಿನಿಂದ ಹೊಸಿಲು ದಾಟಿರಲಿಲ್ಲ.

ನಮ್ಮ ಕಡೆ ಮನೆತನದ ಕೌದಿಯ ಚಿತ್ತಾರವನ್ನು ದೊಡ್ಡ ಹಲಗೆಯ ಮೇಲೆ ಬರೆದು ಕೊಟ್ಟಿಗೆಯ ಹಣೆಗೆ ಹಾಕುತ್ತಾರೆ. ಅಂಥದ್ದೊಂದು ಕಣ್ಣಿಗೆ ಬಿದ್ದರೆ ಗಂಡ ಅದನ್ನೇ ಗುರುತಿಟ್ಟುಕೊಂಡು ಕರುಗಳ ಹತ್ತಿರ ಹೋಗಿ ಬಂದಾನು ಎಂದು ಅತ್ತಿಗೆಗೆ ಆಸೆ.

ಬಣ್ಣದಂಗಡಿಯ ಡುವೇನ್ ಅತ್ತಿಗೆ ತಂದ ಹಲಗೆಯ ತುಂಡನ್ನು ತಟ್ಟಿ ನೋಡಿದ. "ಇದು ಅಂಟು ಹಾಕಿ ಒತ್ತಿದ ಹಲಗೆ ಅಕ್ಕಾ. ನೀರು ಕುಡಿಯೋದು ಅಂಚು, ಮುಖ ಅಲ್ಲ. ಅಂಚಿಗೆ, ಬೆನ್ನಿಗೆ ಮೊದ್ಲು ಪ್ರೈಮರ್ ಕುಡ್ಸಿ. ಮೇಲೆ ಹೊರಗೋಡೆಯ ಅಕ್ರಿಲಿಕ್ ಬಣ್ಣ. ತೀರಾ ಹೊಳಪಿಂದು ಬೇಡ, ಬಿಸಿಲಲ್ಲಿ ಕಣ್ಣಿಗೆ ಹೊಡೆಯುತ್ತೆ."

"ಬಣ್ಣ ಯಾವ್ದು?"

"ಕಪ್ಪಿನ ಮೇಲೆ ಹಳದಿ. ದೂರಕ್ಕೆ ಕಾಣೋದು ಅದೇ. ನಿಮ್ಮ ಬಸ್ಸನ್ನೇ ನೋಡಿ."

"ಅಯ್ಯೋ, ದಿನವಿಡೀ ಆ ಹಳದಿ ಡಬ್ಬೀಲೇ ಕೂತಿರ್ತೀನಿ. ಮನೇಲೂ ಅದೇನಾ? ಲೈಲ್ ಅಂತೂ ಅವರಮ್ಮ ಹೊಲಿದ ಕೌದಿ ಅಂದ್ರೆ ಅಮ್ಮನ ಬಣ್ಣಾನೇ ಆಗ್ಬೇಕು ಅಂತಾನೆ."

ನಮ್ಮಮ್ಮನ ಕೌದಿಯ ಬಣ್ಣವೆಂದರೆ ತಿಳಿಗುಲಾಬಿ, ತಿಳಿನೇರಳೆ. ಬಸ್ಸಿಳಿದ ಮೇಲೆ ಅತ್ತಿಗೆ ಕೂತು ಕೂತು ಅದರ ಎಂಟು ಮೂಲೆಯ ನಕ್ಷತ್ರವನ್ನು ಬಳಿದಳು. ಭುಜ ಮೇಲೆತ್ತಲಾಗದೆ ನನ್ನ ಕೈಲಿ ತಲೆ ಬಾಚಿಸಿಕೊಂಡಳು.

ಹಲಗೆ ಏರಿಸಿದ ದಿನ ಅಣ್ಣನನ್ನು ಬಾಗಿಲಿಗೆ ಕರೆತಂದೆವು. ಕೊಟ್ಟಿಗೆಗೆ ನೇರ ಮುಖ ಕೊಟ್ಟು ನಿಂತು, "ಆಹಾ, ಥೇಟ್ ಅಮ್ಮಂದೇ ಕಣೇ!" ಅಂದ. ನಾನು ಪೆದ್ದಿ, ಚಪ್ಪಾಳೆ ತಟ್ಟಿದೆ.

ಅತ್ತಿಗೆ ಒಳಗೆ ಹೋಗಿ ಕೈ ತೊಳೆಯುತ್ತಾ ನಿಂತಳು. "ನಿಮ್ಮಣ್ಣ ನೇರ ನೋಡ್ದ, ಗಮನಿಸಿದ್ಯಾ? ಅವನಿಗೇನೂ ಕಾಣಿಸ್ಲಿಲ್ಲ. ನಂಗೆ ಬೇಜಾರಾಗ್ಬಾರ್ದು ಅಂತ ಹೇಳಿದ್ದು ಅಷ್ಟೇ."

ಅವಳು ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

"ಸಾಕು ಬಿಡಿ ಅತ್ತಿಗೆ. ಹೀಗೇ ಆದ್ರೆ ನಿಮ್ಮ ಹೆಣಾನೇ ಕೊಟ್ಟಿಗೆಗೆ ತೂಗುಹಾಕ್ಬೇಕಾಗುತ್ತೆ."

"ಹಾಕು. ಹಳದಿ ಬಳಿದು ಹಾಕು, ಅವನಿಗೆ ಕಾಣ್ಲಿ."

ಮರುವಾರವೇ ಹಲಗೆ ಕೆಳಗಿಳಿಯಿತು. ಉಜ್ಜಿದಳು, ಮತ್ತೆ ಬಳಿದಳು: ಅದೇ ಎಂಟು ಮೂಲೆಯ ನಕ್ಷತ್ರ, ಕಪ್ಪಿನ ಮೇಲೆ ಬಸ್ಸಿನ ಹಳದಿ. ಗಂಡನಿಗೆ ಒಂದು ಮಾತೂ ಹೇಳಲಿಲ್ಲ. ಅಕ್ಕಪಕ್ಕದವರು ಬಂದು ಏರಿಸಿಕೊಟ್ಟರು. ಅಣ್ಣ ಗೊಣಗಿಕೊಂಡೇ ಬಾಗಿಲಿಗೆ ಬಂದ. ಮೊದಲು ನೇರ ನೋಡಿದ. ಆಮೇಲೆ ಅವನ ಮುಖ ಮೆಲ್ಲಗೆ ಪಕ್ಕದ ಟ್ರ್ಯಾಕ್ಟರ್ ಶೆಡ್ಡಿನ ಕಡೆ ಹೊರಳಿ ಅಲ್ಲೇ ನಿಂತಿತು.

"ಇದೇನೇ ಇದು? ಅಮ್ಮನ ಬಣ್ಣ ಎಲ್ಲಿ? ಥೂ, ನಿನ್ನ ಬಸ್ಸೇ ಗೋಡೆ ಹತ್ತಿದ ಹಾಗಿದೆ! ಯಾವ ದಡ್ಡ ಏರಿಸಿದ್ದು? ಎಡಮೂಲೆ ಇಳಿದಿದೆ."

ಅತ್ತಿಗೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ಧಾರಾಕಾರ ನೀರು. "ಬೈಯಿ ಲೈಲ್. ಇನ್ನೂ ಬೈಯಿ."

"ಬೈಯದೆ? ಇರು, ಹತ್ತಿರ ಹೋಗೇ ನೋಡ್ತೀನಿ." ಶೆಡ್ಡಿಗೆ ಮುಖ ಮಾಡಿಕೊಂಡೇ ಮೆಟ್ಟಿಲಿಳಿದು, ಅಂಗಳಕ್ಕೆ ಅಡ್ಡಲಾಗಿ ಕೊಟ್ಟಿಗೆಯ ಕಡೆ ನಡೆದ. ದಾರಿಯುದ್ದಕ್ಕೂ ಬೈಗುಳ ಕೇಳಿಸುತ್ತಿತ್ತು.

ಅವನು ಕೊಟ್ಟಿಗೆಯ ಬಾಗಿಲು ಮುಟ್ಟಿದನೆಂದು ಹೇಳಲು ತಿರುಗಿದೆ. ಅತ್ತಿಗೆ ಕಂಬಕ್ಕೊರಗಿ ನಿದ್ದೆ ಹೋಗಿದ್ದಳು.