ರಂಗತ್ತೆಯ ಹಣೆ

ಗಂಡನ ಹೆಸರು ಹೇಳಬೇಕಾಗಿ ಬಂದಾಗಲೆಲ್ಲ ರಂಗತ್ತೆ ಬಲಗೈ ಚಾಚುತ್ತಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು ಹಚ್ಚೆ. ತುಳಸಿಗಿಡ, ಚೇಳು, ತೊಟ್ಟಿಲು, ಅವುಗಳ ನಡುವೆ ಡೊಂಕು ಅಕ್ಷರಗಳಲ್ಲಿ ಅವಳ ಗಂಡನ, ಅಂದರೆ ನಮ್ಮ ಮಾವನ ಹೆಸರು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು, ಮೈಮೇಲೆ ಹೊತ್ತು ತಿರುಗಬಹುದು. ಅವಳ ಕಾಲದ ಶಾಸ್ತ್ರ ಅದು. ಒಮ್ಮೆ ಮಧುಗಿರಿಯ ಕಚೇರಿಯೊಂದರಲ್ಲಿ ರೇಷನ್ ಕಾರ್ಡಿಗೆಂದು ಗುಮಾಸ್ತ ಮೂರು ಸಲ ಕೇಳಿದ. ಮೂರು ಸಲವೂ ಕೈ ಮುಂದೆ ಬಂತು. "ಬಾಯಲ್ಲಿ ಹೇಳಮ್ಮ" ಎಂದು ಗದರಿದ.

"ಕಣ್ಮುಂದೆ ಬರ್ದು ಇಕ್ಕಿದ್ರೂ ಓದಕ್ಕೆ ಬರಲ್ವಲ್ಲ, ನಿಂಗೆ ಕೆಲ್ಸ ಕೊಟ್ಟೋರು ಯಾರಪ್ಪ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಪಕ್ಕದಲ್ಲಿದ್ದ ನಾನು ನಗಲಿಲ್ಲ. ಆಗ ಪಿಯುಸಿ ಓದುತ್ತಿದ್ದೆ. ನಾಲ್ಕು ಇಂಗ್ಲಿಷ್ ಮಾತು ಬಂದಿತ್ತು ನೋಡಿ, ಆ ಕೈ ಕಂಡರೆ ನನಗೆ ನಾಚಿಕೆ.

ರಂಗತ್ತೆ ನನ್ನ ಅಪ್ಪನ ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ಮೂರು ವರ್ಷ. ಪುರವರದ ತನ್ನ ಮನೆಗೆ ಎತ್ತಿಕೊಂಡು ಹೋಗಿ, ತನ್ನ ಇಬ್ಬರು ಗಂಡುಮಕ್ಕಳ ಜೊತೆ ಮೂರನೆಯವಳಾಗಿ ಸಾಕಿದಳು. ಅವಳ ಬಾಯಿಗೆ ಹೆದರದವರು ಊರಲ್ಲಿ ಇರಲಿಲ್ಲ. ಪೌಡರ್ ಹಚ್ಚಿಕೊಂಡು ಹೊರಟ ಹುಡುಗಿಯನ್ನು ನಿಲ್ಲಿಸಿ, "ಮಕಕ್ಕೆ ಇಷ್ಟು ಹಿಟ್ಟು ಬಳ್ಕಂಡಿದ್ದೀಯ, ರೊಟ್ಟಿ ಎಲ್ಲಿ ತಟ್ಟೀಯೆ?" ಅನ್ನುವಳು. ಕೂದಲಿಗೆ ಬಣ್ಣ ಹಾಕಿಸಿಕೊಂಡ ಮೇಷ್ಟ್ರಿಗೆ, "ಮೀಸೆ ಮರ್ತುಬುಟ್ರಲ್ಲ ಸ್ವಾಮಿ, ಅದೊಂದು ವಯಸ್ಸು ಹೇಳ್ಬುಡ್ತದೆ" ಅಂದಿದ್ದಳು. ಮೇಷ್ಟ್ರು ಮಾರನೆಯ ದಿನ ಮೀಸೆ ಬೋಳಿಸಿಕೊಂಡು ಬಂದರು.

ನಾನು ಒಂಬತ್ತು ವರ್ಷದವಳಿದ್ದಾಗ ಹಚ್ಚೆ ಹಾಕುವ ಹೆಂಗಸು ಊರಿಗೆ ಬಂದಿದ್ದಳು. ನನ್ನನ್ನು ಕೂರಿಸಲು ಅತ್ತೆ ನೋಡಿದರೆ ನಾನು ಹುಲ್ಲಿನ ಬಣವೆಯ ಹಿಂದೆ ಅಡಗಿದ್ದೆ. ಸಂಜೆ ಹುಡುಕಿ ತಂದು, ಬಯ್ಯದೆ, ತೊಡೆಯ ಮೇಲೆ ಕೂರಿಸಿಕೊಂಡಳು. "ಸತ್ತಾಗ ಓಲೆ, ಮೂಗುಬೊಟ್ಟು ಎಲ್ಲಾ ಬಿಚ್ಕಂತಾರೆ ಕಣಮ್ಮಿ. ಹಚ್ಚೆ ಒಂದ್ನ ಯಾರೂ ಬಿಚ್ಕಳಕಾಗಲ್ಲ. ಅದು ಜೊತೇಲೇ ಬತ್ತದೆ." ಹೇಳುತ್ತಾ ಹಣೆ ಮುಟ್ಟಿಕೊಂಡಳು. ಅಲ್ಲಿ ಒಂದು ನೆಟ್ಟಗಿನ ಗೀಟು, ಎರಡೂ ಪಕ್ಕಕ್ಕೆ ಒಂದೊಂದು ಚುಕ್ಕಿ, ಕೆಳಗೊಂದು ಅರ್ಧಚಂದ್ರ ಇತ್ತು. ಮದುವೆಯಲ್ಲಿ ಅವಳ ಅವ್ವ ಹಾಕಿಸಿದ್ದು.

ನನಗೆ ತುಮಕೂರಿನ ಸಂಬಂಧ ಕುದುರಿತು. ಸರ್ಕಾರಿ ನೌಕರರ ಮನೆ, ಬಲು ನಾಜೂಕಿನವರು. ಹೆಣ್ಣು ನೋಡಲು ಬಂದ ದಿನ ಮುಂದೆ ನನ್ನ ನಾದಿನಿಯಾಗಲಿದ್ದ ಕುಸುಮ, ಕಾಫಿ ತಂದ ಅತ್ತೆಯ ಮುಖ ನೋಡಿ ಮೂಗು ಮುರಿದಳು. "ಮದುವೆ ದಿನ ಫೋಟೋದಲ್ಲಿ ಇವರೂ ಇರ್ತಾರಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಅವಳ ಕೆನ್ನೆಗೆ ಬಾರಿಸಬೇಕಿತ್ತು. ನಾನೇನು ಮಾಡಿದೆ? ಅವರು ಹೋದ ಮೇಲೆ ಅತ್ತೆಯ ಹತ್ತಿರ ಹೋಗಿ ಹೇಳಿದೆ: "ಅತ್ತೆ, ಕೈಗಾದರೆ ಉದ್ದ ತೋಳಿನ ರವಿಕೆ ಹೊಲಿಸಬಹುದು. ಹಣೆಗೇನು ಮಾಡೋದು?"

ಎಂಥ ಮಾತಿಗೂ ಎದುರು ಮಾತು ಇಟ್ಟುಕೊಂಡಿದ್ದ ಹೆಂಗಸು ಅವತ್ತು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಧಾರೆಗೆ ಎರಡು ವಾರ ಇರುವಾಗ, ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಹಣೆಗೆ ಮೆತ್ತಿಕೊಂಡು ಕೂತಳಂತೆ. ಮಾವ ಹೊಲದಿಂದ ಬಂದು ನೋಡುವಷ್ಟರಲ್ಲಿ ಚರ್ಮ ಬೆಂದು ಹೋಗಿತ್ತು. ನನ್ನನ್ನು ಧಾರೆ ಎರೆಯುವಾಗ ಅವಳ ಹಣೆಯ ಮೇಲೆ ಬಿಳಿ ಪಟ್ಟಿ. ಕೇಳಿದವರಿಗೆಲ್ಲ, "ಬಾಣ್ಲೆ ಎಣ್ಣೆ ಸಿಡೀತು" ಅಂದಳು. ನಾನೂ ಹಾಗೇ ಅಂದೆ. ಫೋಟೋ ಚೆನ್ನಾಗಿಯೇ ಬಂತು, ಬೆಂಕಿ ಬೀಳಲಿ ಅದಕ್ಕೆ.

ಇನ್ನು ಕಾಲದ ಸೊಗಸು ನೋಡಿ. ಮೂವತ್ತು ವರ್ಷದ ಮೇಲೆ ಅದೇ ಕುಸುಮ, ಎಸಿ ರೂಮಿನಲ್ಲಿ ಮಲಗಿ, ದುಡ್ಡು ಕೊಟ್ಟು, ಕತ್ತಿನ ಹಿಂದೆ ಚಿಟ್ಟೆ ಹಾಕಿಸಿಕೊಂಡು ಬಂದಳು. ಅದೇ ಸೂಜಿ, ಅದೇ ಮಸಿ. ಹೆಸರು ಮಾತ್ರ ಟ್ಯಾಟೂ. ಎರಡು ವರ್ಷದ ಹಿಂದೆ ನಮ್ಮ ಮನೆಯ ಗೃಹಪ್ರವೇಶದಲ್ಲಿ ಜಡೆ ಸರಿಸಿ ಎಲ್ಲರಿಗೂ ತೋರಿಸುತ್ತಿದ್ದಳು. ರಂಗತ್ತೆ ಕನ್ನಡಕ ಏರಿಸಿ ನೋಡಿದಳು. "ಚಿಟ್ಟೆಯಾ? ನಾನು ಹಲ್ಲಿ ಬಿತ್ತು ಅಂದ್ಕಂಡೆ. ತಲೆಗೆ ನೀರು ಹುಯ್ಕಬಾ ಹೋಗವ್ವ ಅನ್ನಾನ ಅಂತಿದ್ದೆ." ಕುಸುಮ ಊಟಕ್ಕೂ ನಿಲ್ಲಲಿಲ್ಲ. ನನಗೆ ಹೊಟ್ಟೆ ತುಂಬಿತು.

ಕಳೆದ ವರ್ಷ ನನ್ನ ಮಗಳು ಮೇಘನಾಳನ್ನು ಕರೆದುಕೊಂಡು ಪುರವರಕ್ಕೆ ಹೋಗಿದ್ದೆ. ಅವಳಿಗೂ ಟ್ಯಾಟೂ ಬೇಕು, ಅದೂ ಅಜ್ಜಿಯದೇ. ಫೋನು ಹಿಡಿದು ಅತ್ತೆಯ ಎರಡೂ ಕೈ ತಿರುಗಿಸಿ ತಿರುಗಿಸಿ ಫೋಟೋ ತೆಗೆದಳು. ಅತ್ತೆಗೆ ಹಿಗ್ಗು.

"ಅಜ್ಜಿ, ಹಣೆ ಮೇಲೂ ಇತ್ತಂತಲ್ಲ? ನಂಗೆ ಅದೇ ಬೇಕು. ಏನಾಯ್ತು ಅದು?"

ಅತ್ತೆ ನನ್ನ ಕಡೆ ನೋಡಲಿಲ್ಲ. "ನಿಮ್ಮವ್ವನ ಮದ್ವೆಗೆ ಮುಯ್ಯಿ ಕೊಟ್ಬುಟ್ಟೆ ಕಣವ್ವ."

ಮೇಘನಾ ತಮಾಷೆ ಎಂದು ನಕ್ಕಳು. "ಅತ್ತೆ, ನಾನು ಅವತ್ತು..." ಅಂದೆ.

"ಬುಡು ಅತ್ಲಾಗಿ. ಹಾಲು ಉಕ್ತಾ ಅದೆ, ಹೋಗಿ ಇಳಿಸು."

ಹೋಗಿ ಇಳಿಸಿದೆ. ಮತ್ತೆ ಆ ಮಾತು ಎತ್ತಲಿಲ್ಲ. ಮೂವತ್ತು ವರ್ಷ ಎತ್ತದವಳಿಗೆ ಹಾಲೊಂದು ನೆಪ.

ಎರಡು ತಿಂಗಳಿಗೆ ರಂಗತ್ತೆ ಹೋದಳು. ಮುತ್ತೈದೆ ಸಾವು ಎಂದು ಬಂದವರೆಲ್ಲ ಹೊಗಳಿದರು. ಮಾವ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಮೈ ತೊಳೆಯುವಾಗ ಸೊಸೆಯರು ಓಲೆ ಬಿಚ್ಚಿದರು, ಮೂಗುಬೊಟ್ಟು ಬಿಚ್ಚಿದರು. ನಾನು ಕೈಗಳಿಗೆ ನೀರು ಹಾಕಿದೆ. ತುಳಸಿಗಿಡ, ಚೇಳು, ತೊಟ್ಟಿಲು, ಮಾವನ ಹೆಸರು, ಎಲ್ಲ ಹಾಗೇ ಇದ್ದವು, ಅವಳ ಜೊತೆ ಹೊರಟಿದ್ದವು. ಹಣೆಗೆ ಬಂದೆ. ಸುಟ್ಟ ಜಾಗ ನುಣ್ಣಗಿತ್ತು, ಕುಂಕುಮ ನಿಲ್ಲಲಿಲ್ಲ, ಜಾರಿತು. ಮತ್ತೆ ಒತ್ತಿ ಇಟ್ಟೆ. ಸತ್ತ ಮೇಲೆ ಬಿಚ್ಚಿಕೊಳ್ಳುವವರ ಬಗ್ಗೆ ಅವಳು ಹೇಳಿದ್ದಳು. ಬದುಕಿದ್ದಾಗಲೇ ಬಿಚ್ಚಿಕೊಂಡವಳು ನಾನೊಬ್ಬಳೇ.