ಮುದ್ದೆ ಅಗಿದವನು

ಕಾಶಿ, ಪ್ರಯಾಗ, ಹರಿದ್ವಾರ ಎಂದು ಇಪ್ಪತ್ತೆರಡು ದಿನ ಬಸ್ಸಿನಲ್ಲಿ ಪುಣ್ಯ ಸಂಪಾದಿಸಿ ಬಂದ ಮರುದಿನವೇ ಮಂಡ್ಯದ ಬಸ್‌ಸ್ಟ್ಯಾಂಡಿನ ಹಿಂದಿರುವ ಮುದ್ದೆ ಹೋಟೆಲಿಗೆ ಹೋದೆ. ಹಸಿವಿನಿಂದಲ್ಲ, ಒಂದು ವ್ಯಾಜ್ಯದ ತೀರ್ಮಾನಕ್ಕೆ. ವ್ಯಾಜ್ಯ ನನ್ನ ಗಂಟಲಿಗೂ ಉತ್ತರ ದೇಶದ ಚಪಾತಿಗೂ ನಡುವಿನದು.

ಅದು ಶುರುವಾದದ್ದು ಪ್ರಯಾಗದಲ್ಲಿ. ನುಂಗಿದ ತುತ್ತು ಎದೆಯ ಹತ್ತಿರ ಬಂದು, ಸಾಹೇಬರ ಸಹಿಗೆ ಕಾಯುವ ಅರ್ಜಿದಾರನ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು. ನೀರು ಕುಡಿದರೆ ಇಳಿಯುತ್ತಿತ್ತು. ಕೆಲವು ಸಲ ನೀರೂ ಅದರ ಜೊತೆ ನಿಲ್ಲುತ್ತಿತ್ತು. ಹೆಂಡತಿ "ಯಾಕ್ರೀ, ತಟ್ಟೇಲೇ ಬುಟ್ರಿ?" ಎಂದರೆ, "ಈ ಒಣ ರೊಟ್ಟಿ ನಮ್ಮಂತೋರ್ಗೆ ಆಗ್ತದಾ?" ಎಂದು ಇಡೀ ಉತ್ತರ ಭಾರತದ ಮೇಲೆ ತಪ್ಪು ಹೊರಿಸಿದೆ. ಊರು ಸೇರಿದರೆ ಮುದ್ದೆ ಇದೆ, ಮುದ್ದೆಗೆ ಅಡ್ಡ ನಿಲ್ಲುವ ಗಂಟಲು ಇನ್ನೂ ಹುಟ್ಟಿಲ್ಲ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಮುದ್ದೆಯ ವಿಷಯದಲ್ಲಿ ನಮ್ಮ ಜಿಲ್ಲೆಯ ಕಾನೂನು ಸರಳ. ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಹಲ್ಲಿಗೆ ಅಲ್ಲಿ ಯಾವ ಅಧಿಕಾರವೂ ಇಲ್ಲ.

"ಎಲ್ಲೋಗಿದ್ರಿ ಸಾ, ಕಾಣ್ನೇ ಇಲ್ಲ?" ಎಂದ ಹೋಟೆಲಿನವನು.

"ಕಾಶಿಗೆ."

"ಅಲ್ಲಿ ರಾಗಿ ಇಟ್ಟು ಸಿಕ್ತದಾ?"

"ಇಲ್ಲ."

"ಅಂಗಾರೆ ಇನ್ನೇನ್ ಪುಣ್ಯ ಬಂತು ಬುಡಿ" ಎಂದು ಮುದ್ದೆಯ ಪಕ್ಕ ಸೊಪ್ಪಿಟ್ಟು, ಬಸ್ಸಾರು ಸುರಿದು ಹೋದ.

ಮೊದಲ ತುತ್ತು ನಿಂತಿತು. ಎರಡನೆಯದನ್ನು ಗೋಲಿಯಷ್ಟು ಮಾಡಿದೆ, ಅದೂ ನಿಂತಿತು. ಮೂರನೆಯದನ್ನು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಗಿದೆ. ಆಗಷ್ಟೇ ಬಂದು ಎದುರಿಗೆ ಕೂತವನು ನನ್ನ ಜೊತೆಗೇ ಸರ್ವೆ ಕಚೇರಿಯಿಂದ ನಿವೃತ್ತನಾದ ಗೆಳೆಯ. ಇಡೀ ಹೋಟೆಲಿಗೆ ಕೇಳುವಂತೆ ಕೂಗಿದ: "ಏನ್ಲಾ ಇದು, ಮುದ್ದೆ ಅಗೀತಿದ್ದೀಯ! ಇಪ್ಪತ್ ದಿನಕ್ಕೇ ಜಾತಿ ಕೆಟ್ಟೋದಲ್ಲೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಉಳಿದ ಮುದ್ದೆಯನ್ನು ಸೊಪ್ಪಿನ ಕೆಳಗೆ ಮುಚ್ಚಿ ಕೈ ತೊಳೆದೆ.

ಒಂದು ಕೋರ್ಟಿನಲ್ಲಿ ಸೋತವನಿಗೆ ಮೇಲ್ಮನವಿ ಉಂಟು. ಹಿಟ್ಟು ತರಿಯಾಗಿತ್ತು ಎಂದು ತೀರ್ಮಾನಿಸಿ ಮದ್ದೂರಿಗೆ ಹೋದೆ. ಹೊಸ ರಸ್ತೆ ಬಂದ ಮೇಲೆ ಹಳೇ ರಸ್ತೆಯ ಹೋಟೆಲುಗಳಲ್ಲಿ ಕುರ್ಚಿಗಳೇ ಗಿರಾಕಿಗಳು. ನನ್ನನ್ನು ಕಂಡ ಸಂತೋಷಕ್ಕೆ ಅಂಗಡಿಯವನು ಬಿಸಿ ವಡೆ, ಕಾಫಿ ತಂದಿಟ್ಟು ಪಕ್ಕದಲ್ಲೇ ನಿಂತ. ನಾನು ಅದನ್ನು ಕಾಫಿಯಲ್ಲಿ ನೆನೆಸಿದೆ. ಅವನ ಮುಖ ಕಪ್ಪಿಟ್ಟಿತು.

"ವಡೆ ಸರಿಯಾಗಿಲ್ವಾ ಸಾ?"

"ಬಹಳ ಚೆನ್ನಾಗಿದೆ. ನಾಲ್ಕು ಪಾರ್ಸೆಲ್ ಕೊಡಿ" ಎಂದೆ. ಅವನ ಸಂಕಟ ಪರಿಹಾರವಾಯಿತು.

ಎರಡು ದಿನ ಬಿಟ್ಟು ಮಳವಳ್ಳಿಗೆ. ಅಲ್ಲಿ ಕೆಲಸದಲ್ಲಿದ್ದಾಗ ಗಂಡ ಹೆಂಡತಿ ನಡೆಸುತ್ತಿದ್ದ ಒಂದು ಸಣ್ಣ ಹೋಟೆಲಿನಲ್ಲಿ ದಿನಾ ಉಣ್ಣುತ್ತಿದ್ದೆ. ಗಂಡ ಮುದ್ದೆ ಕಟ್ಟುತ್ತಿದ್ದ, ಹೆಂಡತಿ ಬಡಿಸುತ್ತಿದ್ದಳು. ಈಗ ಎರಡೂ ಕೆಲಸ ಆಕೆಯದೇ. ಗಂಡ ಗೋಡೆಯ ಮೇಲೆ, ಪ್ಲಾಸ್ಟಿಕ್ ಹಾರ ಹಾಕಿಕೊಂಡಿದ್ದ.

ಉಪ್ಸಾರು ಬಂತು, ಮುದ್ದೆ ಬಂತು. ಹಿಟ್ಟು ನುಣ್ಣಗಿತ್ತು. ದೂರಲು ಏನೂ ಇರಲಿಲ್ಲ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಖಾರ ಎಂದೆ. ಆಕೆ ನಂಬಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತಳು.

"ಎಷ್ಟ್ ದಿವ್ಸದಿಂದ ಇಂಗೆ, ಅಣ್ಣ?"

"ಏನು?"

"ಇಳೀತಿಲ್ವಲ್ಲ."

"ಮೂರು ವಾರವಾಯಿತೇನೋ."

ಆಕೆ ಗೋಡೆಯ ಕಡೆ ನೋಡಿದಳು. "ಅವ್ರ್ಗೂ ಇಂಗೇ ಸುರುವಾಗಿದ್ದು. ಒಂದಿನ ಮುದ್ದೆ ಅಗುದ್ರು ಕಣಣ್ಣ. ನಾನೇ ನಗಾಡ್ದೆ." ನನ್ನ ತಟ್ಟೆಯ ಕಡೆ ತಿರುಗಿ ಕೇಳಿದಳು: "ಮನೇಲಿ ಯೋಳಿದ್ದೀರಾ?"

"ಇಲ್ಲ."

"ಅವ್ರೂ ಯೋಳ್ನಿಲ್ಲ. ಆಸ್ಪತ್ರೆಗೆ ಓಗೋ ಒತ್ಗೆ ಅಂಬ್ಲೀನೂ ಇಳೀತಿರ್ನಿಲ್ಲ."

ಬೇರೆ ಗಿರಾಕಿಗಳು ನೋಡುವ ಮೊದಲೇ ತಟ್ಟೆ ಎತ್ತಿಕೊಂಡು ಹೋದಳು. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ದೊಡ್ಡ ಲೋಟದಲ್ಲಿ ತಂದುಕೊಟ್ಟಳು. ಸುತ್ತ ಗಂಡಸರು ನಿಂಬೆಹಣ್ಣಿನಷ್ಟು ತುತ್ತುಗಳನ್ನು ಮಾತಾಡುತ್ತಲೇ ಇಳಿಸುತ್ತಿದ್ದರು. ನಾನು ಅರ್ಧ ಗಂಟೆ ಅಂಬಲಿ ಕುಡಿದೆ. ಅದು ಎಲ್ಲಿ ತಡೆಯುತ್ತದೆ, ಎಲ್ಲಿ ಜಾರುತ್ತದೆ ಎಂದು ಸರ್ವೆ ನಕ್ಷೆಯಲ್ಲಿ ಗುರುತು ಹಾಕುವಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಇನ್ನು ಮೇಲ್ಮನವಿಗೆ ಊರು ಉಳಿದಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದೆ ಹಿಟ್ಟು ತಿರುವುತ್ತಿದ್ದಳು. ಮುಖ ತಿರುಗಿಸದೆಯೇ ಕೇಳಿದಳು: "ಊರೂರು ಸುತ್ತಿ ಉಂಡಿದ್ದಾಯ್ತಲ್ಲ, ನಮ್ಮನೇದು ಸೇರ್ತದಾ? ದೊಡ್ಡದ್ ಕಟ್ಲಾ, ಚಿಕ್ಕದ್ ಕಟ್ಲಾ?"

"ನನಗೆ ಕಟ್ಟಬೇಡ. ಅಂಬಲಿ ಮಾಡು."

ಕೋಲು ನಿಂತರೆ ಹಿಟ್ಟು ಗಂಟಾಗುತ್ತದೆಂದು, ಮದುವೆಯಾಗಿ ಬಂದಾಗಿನಿಂದ ಯಾರು ಕರೆದರೂ ತಿರುಗಿ ನೋಡದವಳು, ಕೋಲು ನಿಲ್ಲಿಸಿದಳು.