ಹೆಬ್ಬೆಟ್ಟಿನ ಅಜ್ಜಿಗೊಂದು ಸಹಿ

ಪಿಯುಸಿಯಲ್ಲಿ ಎಂಬತ್ತೊಂದು ಪರ್ಸೆಂಟ್ ತೆಗೆದಿದ್ದ ರೂಪಶ್ರೀ ಹುಣಸೂರಿನಲ್ಲಿ ಬಿ.ಎ.ಗೆ ಸೇರಿ ರಾಜ್ಯಶಾಸ್ತ್ರ ತೆಗೆದುಕೊಂಡಳೆಂದು ಗೊತ್ತಾದಾಗ ಅವಳ ಅಪ್ಪ ಚೆಲುವರಾಜು ಎರಡು ದಿನ ಮಾತು ಬಿಟ್ಟ. ಬಿ.ಕಾಂ. ಮಾಡಿದರೆ ಬ್ಯಾಂಕು, ನರ್ಸಿಂಗ್ ಮಾಡಿದರೆ ಮೈಸೂರಿನ ಆಸ್ಪತ್ರೆ, ಇದನ್ನು ಓದಿದವಳು ಎಲ್ಲಿಗೆ ಹೋಗಬೇಕು? ಮೂರನೆಯ ದಿನ ಹೊಗೆಸೊಪ್ಪಿನ ಹೊಲದಲ್ಲಿ ಕಳೆ ಕೀಳುವಾಗ ತಾನೇ ಬಾಯಿ ಬಿಟ್ಟ.

"ಅದ್ನ ಓದಿ ಏನಾಯ್ತೀಯವ್ವ? ಎಮ್ಮೆಲ್ಲೆ ಆಯ್ತೀಯಾ?"

"ಆದ್ರೆ ಬ್ಯಾಡ ಅಂತೀಯಾ?" ಅಂದಳು ರೂಪಶ್ರೀ.

ಅವರದು ಹನಗೋಡಿನಿಂದ ಆಚೆಗೆ ಒಂದು ಸಣ್ಣ ಕೊಪ್ಪಲು. ದಿನಾ ಬೆಳಿಗ್ಗೆ ಏಳೂವರೆಯ ಬಸ್ಸಿನಲ್ಲಿ ನಿಂತುಕೊಂಡೇ ಕಾಲೇಜಿಗೆ ಹೋಗುತ್ತಿದ್ದಳು. ಎರಡನೆಯ ವರ್ಷ ಪಂಚಾಯತ್ ರಾಜ್ ಪಾಠ ಮಾಡುತ್ತಿದ್ದವರು ಶಾಜಿಯಾ ಮೇಡಂ, ಹುಣಸೂರಿನ ಬಡಗಿಯೊಬ್ಬರ ಮಗಳು, ಅತಿಥಿ ಉಪನ್ಯಾಸಕಿ. ಅವರು ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಪಂಚಾಯಿತಿಯ ಗ್ರಾಮಸಭೆ ಪುಸ್ತಕ ನೋಡಿ ಹತ್ತು ಪುಟ ಬರೆದು ತರಬೇಕು. ತರಗತಿಯಲ್ಲಿ ಬಹಳಷ್ಟು ಜನ ಗೈಡು ನೋಡಿ ಬರೆದರು. ರೂಪಶ್ರೀ ಪಂಚಾಯಿತಿ ಆಫೀಸಿಗೇ ಹೋದಳು.

ಅಧ್ಯಕ್ಷ ಗಂಗಾಧರಪ್ಪ ಚೆಲುವರಾಜುವಿನ ದೊಡ್ಡಪ್ಪನ ಮಗ. ತಮ್ಮನ ಮಗಳು ಓದಿಗೆ ಕೇಳುತ್ತಿದ್ದಾಳೆಂದು ಅವನೇ ಪುಸ್ತಕ ತೆಗೆಸಿ ಕೊಟ್ಟು, ಟೀ ತರಿಸಿದ. ಒಂದು ವರ್ಷದಲ್ಲಿ ಎರಡು ಗ್ರಾಮಸಭೆ ನಡೆದಿದ್ದವು. ಎರಡಕ್ಕೂ ನೂರು ದಾಟಿದ ಹಾಜರಿ. ಸಭೆ ಇದೆ ಎಂದು ಯಾರೂ ಸಾರಿದ್ದನ್ನು ಅವಳು ಕೇಳಿರಲಿಲ್ಲ. ಹಾಳೆ ತಿರುವಿದರೆ ಮೂವತ್ತೆಂಟನೆಯ ಹೆಸರು ಮಲ್ಲಾಜಮ್ಮ, ಅವಳ ಅಜ್ಜಿ. ಎದುರಿಗೆ ದುಂಡಗಿನ ಅಕ್ಷರದ ಸಹಿ. ರೇಷನ್ ಅಂಗಡಿಯಲ್ಲೂ ಪಿಂಚಣಿ ತರುವಾಗಲೂ ಅಜ್ಜಿ ಒತ್ತುವುದು ಹೆಬ್ಬೆಟ್ಟು. ಪೆನ್ನು ಹಿಡಿದವಳೇ ಅಲ್ಲ. ರೂಪಶ್ರೀ ಆ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ಆ ಸಭೆಯ ನಿರ್ಣಯ ಕೆಳಗಿನ ಬೀದಿಯ ಚರಂಡಿಯನ್ನು ಬಿಟ್ಟು, ಅಧ್ಯಕ್ಷನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಹೋಗುವ ದಾರಿಗೆ ಕಾಂಕ್ರೀಟು ಹಾಕಿಸುವುದಾಗಿತ್ತು.

ಮನೆಗೆ ಬಂದು ತೋರಿಸಿದಾಗ ಅಜ್ಜಿಗೆ ಮೊದಲು ನಗು ಬಂತು, ಆಮೇಲೆ ಮುಖ ಕೆಂಪಾಯಿತು. "ನನ್ನೆಸ್ರು ಬರಿಯಾಕೆ ಅವ್ನ್ಯಾರವ್ವ? ನಾನೇನು ಸತ್ತೋಗಿದ್ನಾ?"

ಫೋಟೊ ತೆಗೆದ ಸುದ್ದಿ ಮುಟ್ಟಿ ಗಂಗಾಧರಪ್ಪ ಮಾರನೆಯ ದಿನವೇ ಮನೆಗೆ ಬಂದ. "ಎಲ್ಲಾ ಕಡೆ ಇಂಗೇ ಕಣ್ಲಾ ಚೆಲುವ. ಜನ ಬರಾಕಿಲ್ಲ, ನಾವೇನ್ ಮಾಡಾನ? ಮಗೀಗೆ ಏಳು, ಅಳಿಸಾಕ್ಲಿ." ಅವನು ಹೋದ ಮೇಲೆ ಚೆಲುವರಾಜು ಮಗಳ ಮುಖ ನೋಡದೆ, "ಅಳಿಸ್ಬುಡವ್ವ, ನೆಂಟ್ರು" ಅಂದ.

"ಅಳ್ಸಲ್ಲಪ್ಪ."

ಶಾಜಿಯಾ ಮೇಡಂ ಫೋಟೊಗಳನ್ನು ಒಂದೊಂದಾಗಿ ನೋಡಿದರು. "ನಾನು ನಿನಗೆ ಮಾರ್ಕ್ಸ್ ಕೊಡಬಲ್ಲೆ ರೂಪಾ, ನಿನ್ನ ಜೊತೆ ಬಂದು ನಿಲ್ಲೋಕೆ ನನ್ನ ಕೆಲಸ ಬಿಡಲ್ಲ" ಎಂದು ನೇರವಾಗಿಯೇ ಹೇಳಿದರು. ಆದರೆ ಕಾಯ್ದೆಯ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ನೂರಕ್ಕೆ ಹತ್ತು ಮತದಾರರು ಬರೆದುಕೊಟ್ಟರೆ ವಿಶೇಷ ಗ್ರಾಮಸಭೆ ಕರೆಯಲೇಬೇಕು.

ಪಂಚಾಯಿತಿಗೆ ಸೇರಿದ ನಾಲ್ಕು ಊರುಗಳಲ್ಲಿ ಎರಡು ಸಾವಿರದ ಮೇಲೆ ಮತದಾರರಿದ್ದರು. ರೂಪಶ್ರೀ ಕಾಲೇಜು ಮುಗಿಸಿ ಬಂದು ದಿನಾ ಸಂಜೆ ಅಜ್ಜಿಯ ಜೊತೆ ಮನೆ ಮನೆ ಸುತ್ತಿದಳು. ಕೆಲವರು ಬಾಗಿಲಲ್ಲೇ ಕೈ ಮುಗಿದು ಕಳಿಸಿದರು. ಕೆಳಗಿನ ಬೀದಿಯ ಸಣ್ಣಬೀರಯ್ಯ ಫೋಟೊದಲ್ಲಿ ತನ್ನ ಸಹಿಯೂ ಇರುವುದನ್ನು ನೋಡಿ, "ಆವತ್ತು ನಾನು ಕೊಡಗಲ್ಲಿ ಕಾಪಿ ಕುಯ್ತಿದ್ದೆ ಕಣವ್ವ" ಎಂದು ಹೇಳಿ, ತನ್ನ ಬೀದಿಯವರನ್ನೆಲ್ಲ ತಾನೇ ಕರೆತಂದ. ಹತ್ತೊಂಬತ್ತು ದಿನಕ್ಕೆ ಇನ್ನೂರ ಇಪ್ಪತ್ತಾರು ಹೆಸರಾದವು. ಎಲ್ಲಕ್ಕಿಂತ ಮೇಲೆ ಮಲ್ಲಾಜಮ್ಮನ ಹೆಬ್ಬೆಟ್ಟು.

ಆಫೀಸಿನ ಗುಮಾಸ್ತ ಅರ್ಜಿಯನ್ನೇನೋ ಇಸಕೊಂಡ, ಸ್ವೀಕೃತಿಯ ಸೀಲು ಹಾಕಲಾರೆ ಅಂದ. ರೂಪಶ್ರೀ ಬೆಂಚಿನ ಮೇಲೆ ಕೂತಳು. ಹನ್ನೊಂದು ಗಂಟೆಗೆ ಕೂತವಳು ಊಟಕ್ಕೂ ಏಳಲಿಲ್ಲ. ಗಂಗಾಧರಪ್ಪ ಬಂದು, "ಎದ್ದು ಮನೀಗ್ ಓಗು" ಎಂದು ಗದರಿದ.

"ದೊಡ್ಡಪ್ಪ, ಇದು ನಿಮ್ಮ ಜಗಲಿ ಅಲ್ಲ. ಸೀಲ್ ಬೀಳೋಗಂಟ ನಾನು ಏಳಲ್ಲ."

ನಾಲ್ಕೂವರೆಗೆ ಸೀಲು ಬಿತ್ತು.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ನೂರ ಎಪ್ಪತ್ತು ಜನ ಸೇರಿದ್ದರು, ಅರ್ಧಕ್ಕರ್ಧ ಹೆಂಗಸರು. ರೂಪಶ್ರೀ ಬರೆದು ತಂದಿದ್ದನ್ನು ಓದಬೇಕೆಂದು ಎದ್ದಾಗ ಅಜ್ಜಿ ಅವಳ ಸೆರಗು ಹಿಡಿದು ಕೂರಿಸಿ ತಾನೇ ಮುಂದೆ ಹೋದಳು. ಅಧಿಕಾರಿಯ ಮೇಜಿನ ಮೇಲೆ ಬಲಗೈ ಊರಿ, "ಸ್ವಾಮಿ, ಈ ಕೈಯಾಗೆ ಬರ್ದಿದ್ದು ಅಂತ ಯಾರಾನ ಏಳ್ಲಿ ನೋಡಾನ" ಅಂದಳು. ಅಧಿಕಾರಿ ಕಾಮಗಾರಿಗಳ ಪಟ್ಟಿಯನ್ನು ಸಭೆಯ ಮುಂದೆ ಮತ್ತೆ ಓದಿಸಿದರು. ಬ್ಯಾರನ್ ದಾರಿ ಪಟ್ಟಿಯಿಂದ ಹೋಗಿ ಚರಂಡಿ ಮೊದಲಿಗೆ ಬಂತು.

ಅಷ್ಟೇ ಆಗಿದ್ದು. ಗಂಗಾಧರಪ್ಪ ಇವತ್ತಿಗೂ ಅಧ್ಯಕ್ಷನೇ. ಸುಳ್ಳು ಸಹಿ ಹಾಕಿದವರು ಯಾರೆಂದು ಯಾರೂ ವಿಚಾರಿಸಲಿಲ್ಲ. ಅವನ ಮನೆಯ ಮದುವೆಗೆ ಇವರಿಗೆ ಕರೆ ಬರಲಿಲ್ಲ. ಕೆ.ಆರ್. ನಗರದ ಕಡೆಯಿಂದ ರೂಪಶ್ರೀಗೆ ಬಂದಿದ್ದ ಸಂಬಂಧವೂ ಮುರಿಯಿತು. ಹುಡುಗಿ ಬಾಯಿ ಜೋರಂತೆ ಎಂದು ಮಧ್ಯಸ್ಥಗಾರ ಹೇಳಿದಾಗ ಚೆಲುವರಾಜು, "ಊಂ, ಜೋರೇ. ಬೇರೆ ಕಡೆ ನೋಡ್ಕೊಳ್ರಿ" ಅಂದು ಎಲೆ ಅಡಿಕೆ ತಟ್ಟೆ ಒಳಗಿಟ್ಟ.

ಈಗ ಅವಳು ಕೊನೆಯ ವರ್ಷ. ಸುಳ್ಳು ಸಹಿಗಳ ತನಿಖೆಗೆ ಮೊನ್ನೆ ಮೂರನೆಯ ಅರ್ಜಿ ಬರೆದಳು. ಹಿಂದಿನ ಎರಡಕ್ಕೂ ಉತ್ತರವಿಲ್ಲ. ಜಗಲಿಯ ಮೇಲೆ ಕೂತಿದ್ದ ಅಪ್ಪ ಅದನ್ನು ಅವಳಿಂದ ಓದಿಸಿ ಕೇಳಿದ. ಮುಗಿದ ಮೇಲೆ,

"ಇನ್ನೊಂಚೂರು ಬಿಗಿಯಾಗಿ ಬರಿಯವ್ವ" ಅಂದ.